ಹುಳಿಗೂ ಸುಣ್ಣಕ್ಕೂ ಇರುವ ನಂಟು

ಹುಣಸೆಹಣ್ಣಿನ ಭರಣಿ, ಮೊಸರಿನ ಪಾತ್ರೆ, ಅಡುಗೆ ಸೋಡದ ಡಬ್ಬಿ, ಬಟ್ಟೆ ಸೋಪು, ಎಲೆಅಡಿಕೆ ತಟ್ಟೆಯಲ್ಲಿ ಸುಣ್ಣದ ಡಬ್ಬಿ, ಬಚ್ಚಲ ಮೂಲೆಯಲ್ಲಿ ಆಸಿಡ್ ಬಾಟಲು. ಇವಿಷ್ಟೂ ಇಲ್ಲದ ಮನೆ ನಮ್ಮ ಕಡೆ ಇರಲಾರದು. ಒಂದಕ್ಕೊಂದು ಸಂಬಂಧವೇ ಇಲ್ಲವೆಂದು ಕಾಣುವ ಈ ಆರು ವಸ್ತುಗಳು ನಿಜವಾಗಿ ಎರಡೇ ಮನೆತನಕ್ಕೆ ಸೇರಿದವು ಎಂದರೆ ನಂಬುತ್ತೀರಾ? ಒಂದು ಹುಳಿಯ ಮನೆತನ, ಇನ್ನೊಂದು ಸುಣ್ಣದ ಮನೆತನ. ಪುಸ್ತಕದ ಮಾತಿನಲ್ಲಿ ಹೇಳುವುದಾದರೆ ಆಮ್ಲ ಮತ್ತು ಪ್ರತ್ಯಾಮ್ಲ. ನೀರಿನಲ್ಲಿ ಕರಗುವ ಪ್ರತ್ಯಾಮ್ಲಕ್ಕೆ ಕ್ಷಾರ ಎಂದೂ ಹೆಸರು.

ಹೈಸ್ಕೂಲಿನಲ್ಲಿ ನಾವೆಲ್ಲ "ಆಮ್ಲವು ನೀಲಿ ಲಿಟ್ಮಸ್ಸನ್ನು ಕೆಂಪಾಗಿಸುತ್ತದೆ" ಎಂದು ಬಾಯಿಪಾಠ ಮಾಡಿದವರೇ. ಪರೀಕ್ಷೆ ಮುಗಿಯಿತು, ಪಾಠ ಮರೆತುಹೋಯಿತು. ಆದರೆ ಆ ಪಾಠ ನಮ್ಮನ್ನು ಬಿಟ್ಟಿಲ್ಲ. ಬೇಳೆ ಏಕೆ ಬೇಯುವುದಿಲ್ಲ, ಕುಕ್ಕರು ಏಕೆ ಕಪ್ಪಾಗುತ್ತದೆ, ಕುಡಿಯುವ ನೀರು ಒಳ್ಳೆಯದೋ ಕೆಟ್ಟದ್ದೋ, ಮಗುವಿನ ಕಣ್ಣಿಗೆ ಸುಣ್ಣ ಬಿದ್ದರೆ ಮೊದಲು ಏನು ಮಾಡಬೇಕು, ಇವೆಲ್ಲಕ್ಕೂ ಉತ್ತರ ಆ ಒಂದೇ ಪಾಠದಲ್ಲಿದೆ.

ಹುಳಿ ಎಂದರೇನು?

ಹುಳಿ ಪದಾರ್ಥ ಯಾವುದೇ ಇರಲಿ, ಅದರಲ್ಲೊಂದು ಆಮ್ಲ ಇದ್ದೇ ಇದೆ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್ ಆಮ್ಲ, ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ, ವಿನಿಗರ್‌ನಲ್ಲಿ ಅಸಿಟಿಕ್ ಆಮ್ಲ. ಕೋಲಾರದ ಮಾರುಕಟ್ಟೆಗೆ ಲಾರಿಗಟ್ಟಲೆ ಬರುವ ಟೊಮೇಟೊದಲ್ಲೂ, ಶ್ರೀನಿವಾಸಪುರದ ಮಾವಿನಕಾಯಿಯಲ್ಲೂ ಸಿಟ್ರಿಕ್ ಆಮ್ಲವಿದೆ. ನಮ್ಮ ಹೊಟ್ಟೆಯೊಳಗೇ ಹೈಡ್ರೋಕ್ಲೋರಿಕ್ ಆಮ್ಲ ತಯಾರಾಗುತ್ತದೆ. ಬಚ್ಚಲು ತೊಳೆಯುವ ಬಾಟಲಿನಲ್ಲಿರುವುದೂ ಸಾಮಾನ್ಯವಾಗಿ ಅದೇ ಆಮ್ಲ!

1884ರಲ್ಲಿ ಸ್ವೀಡನ್ ದೇಶದ ಅರೇನಿಯಸ್ ಎಂಬ ಯುವಕ, ಕೆಲವು ವಸ್ತುಗಳು ನೀರಿಗೆ ಬಿದ್ದೊಡನೆ ವಿದ್ಯುತ್ತಿನ ಅಂಶ ಹೊತ್ತ ಚೂರುಗಳಾಗಿ ಒಡೆಯುತ್ತವೆ ಎಂದು ತನ್ನ ಪ್ರಬಂಧದಲ್ಲಿ ಬರೆದ. ಆಗ ಅವನ ಗುರುಗಳೇ ಅದಕ್ಕೆ ಒಳ್ಳೆಯ ಅಂಕ ಕೊಡಲಿಲ್ಲ. 1903ರಲ್ಲಿ ಅದೇ ವಿಚಾರಕ್ಕೆ ನೊಬೆಲ್ ಬಹುಮಾನ ಬಂತು. ಅವನ ಲೆಕ್ಕದಲ್ಲಿ, ನೀರಿಗೆ ಬಿದ್ದಾಗ ಹೈಡ್ರೋಜನ್ ಚೂರನ್ನು ಬಿಟ್ಟುಕೊಡುವುದು ಆಮ್ಲ. ಹೈಡ್ರಾಕ್ಸೈಡ್ ಎಂಬ ಚೂರನ್ನು ಬಿಟ್ಟುಕೊಡುವುದು ಕ್ಷಾರ. ನಾಲಗೆಗೆ ಹುಳಿ ಎನಿಸುವುದು ಆ ಹೈಡ್ರೋಜನ್ ಚೂರಿನಿಂದಲೇ.

ಕ್ಷಾರದ ಗುರುತೇನು? ಬೆರಳಿಗೆ ಜಾರುತ್ತದೆ, ರುಚಿ ಒಗರು-ಕಹಿ. ಸೋಪು, ಸೋಡ, ಸುಣ್ಣ, ಒಲೆಯ ಬೂದಿ ಎಲ್ಲ ಈ ಕಡೆಯವು. ಬೂದಿಯಿಂದ ಪಾತ್ರೆಯ ಜಿಡ್ಡು ಹೋಗುತ್ತದಲ್ಲ, ಏಕೆ? ಬೂದಿಯ ಕ್ಷಾರ ಎಣ್ಣೆ ಜಿಡ್ಡಿನ ಜೊತೆ ಸೇರಿ ಅಷ್ಟಿಷ್ಟು ಸೋಪೇ ಆಗಿಬಿಡುತ್ತದೆ. ನಮ್ಮ ಅಜ್ಜಿಯರು ಸೋಪು ಕೊಳ್ಳುತ್ತಿರಲಿಲ್ಲ, ಪಾತ್ರೆಯ ಮೇಲೇ ತಯಾರಿಸಿಕೊಳ್ಳುತ್ತಿದ್ದರು ಎನ್ನಬಹುದು.

ಇವೆರಡೂ ಕೂಡಿದರೆ ಒಂದರ ಬಿಸಿ ಇನ್ನೊಂದು ಇಳಿಸುತ್ತದೆ. ಹುಳಿಯೂ ಹೋಗಿ, ಒಗರೂ ಹೋಗಿ, ಉಪ್ಪಿನ ಜಾತಿಯ ವಸ್ತುವೊಂದು ಮತ್ತು ನೀರು ಉಳಿಯುತ್ತವೆ. ಇದಕ್ಕೆ ತಟಸ್ಥೀಕರಣ ಎಂದು ಹೆಸರು.

ಆರತಿ ತಟ್ಟೆಯಲ್ಲಿ ಪ್ರಯೋಗಶಾಲೆ

ಲಿಟ್ಮಸ್ ಕಾಗದ ಹುಡುಕಿಕೊಂಡು ಹೋಗಬೇಕಾಗಿಲ್ಲ. ಮದುಮಕ್ಕಳು ಮನೆಗೆ ಬಂದಾಗ, ಬಾಣಂತಿ ಮಗುವನ್ನು ಎತ್ತಿಕೊಂಡು ಬಂದಾಗ ಕೆಂಪು ನೀರಿನ ಆರತಿ ಎತ್ತುತ್ತೀರಲ್ಲ, ಅದಕ್ಕೆ ಏನು ಹಾಕುತ್ತೀರಿ? ಅರಿಶಿನ ಮತ್ತು ಸುಣ್ಣ. ಅರಿಶಿನ ಹಳದಿ, ಸುಣ್ಣ ಬಿಳಿ, ಎರಡೂ ಸೇರಿದರೆ ರಕ್ತದಂಥ ಕೆಂಪು! ಅರಿಶಿನದಲ್ಲಿರುವ ಬಣ್ಣದ ಅಂಶ ಹುಳಿಯಲ್ಲೂ ಬರಿಯ ನೀರಿನಲ್ಲೂ ಹಳದಿಯಾಗಿಯೇ ಇರುತ್ತದೆ, ಕ್ಷಾರ ತಾಗಿದೊಡನೆ ಕೆಂಪಾಗುತ್ತದೆ. ಬಿಳಿ ರವಿಕೆಯ ಮೇಲಿನ ಸಾರಿನ ಕಲೆ ಸೋಪು ಹಚ್ಚಿದೊಡನೆ ಕೆಂಪಾಗಿ ನಿಮ್ಮನ್ನು ಗಾಬರಿಪಡಿಸುವುದೂ ಇದೇ ಕಾರಣಕ್ಕೆ. ಚೆನ್ನಾಗಿ ಜಾಲಿಸಿ, ಸ್ವಲ್ಪ ನಿಂಬೆರಸ ಹಚ್ಚಿ ನೋಡಿ, ಮತ್ತೆ ಹಳದಿಗೆ ತಿರುಗುತ್ತದೆ. ಆಮೇಲೆ ಬಿಸಿಲಿಗೆ ಹಾಕಿದರೆ ಆ ಹಳದಿಯೂ ಮಾಸುತ್ತದೆ.

ಮಕ್ಕಳಿಗೆ ರಜಾ ದಿನ ಇದನ್ನು ಮಾಡಿ ತೋರಿಸಿ. ಒಂದು ಚಮಚ ಅರಿಶಿನವನ್ನು ಸ್ವಲ್ಪ ಬಿಸಿನೀರಿನಲ್ಲಿ ಕದಡಿ, ಬಿಳಿ ಕಾಗದದ ಮೇಲೆ ಹಚ್ಚಿ, ನೆರಳಿನಲ್ಲಿ ಒಣಗಿಸಿ, ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ. ಸೋಪಿನ ನೀರು, ಸುಣ್ಣದ ತಿಳಿ, ಬಟ್ಟೆ ಸೋಡದ ನೀರು ಇವುಗಳ ಒಂದೊಂದು ಹನಿ ಬಿಡಿ. ಕೆಂಪಾದದ್ದೆಲ್ಲ ಕ್ಷಾರ. ಆದರೆ ಅರಿಶಿನ ಹುಳಿಯನ್ನು ತೋರಿಸಲಾರದು. ಅದಕ್ಕೆ ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿದ ನೀರು ಬೇಕು. ನಿಂಬೆರಸ ಬಿದ್ದರೆ ಅದು ಗಾಢ ಗುಲಾಬಿಯಾಗುತ್ತದೆ, ಸೋಪಿನ ನೀರು ಬಿದ್ದರೆ ಹಸಿರಾಗುತ್ತದೆ. ಸುಣ್ಣದ ತಿಳಿಯ ಹನಿಯನ್ನು ಮಾತ್ರ ದೊಡ್ಡವರೇ ಬಿಡಿ, ಮಕ್ಕಳ ಕೈಗೆ ಕೊಡಬೇಡಿ.

ಎಷ್ಟು ಹುಳಿ, ಎಷ್ಟು ಕ್ಷಾರ ಎಂದು ಅಳೆಯಲು ಒಂದು ಅಳತೆಗೋಲೂ ಇದೆ, ಪಿಎಚ್ ಎಂದು. 1909ರಲ್ಲಿ ಇದನ್ನು ಹೇಳಿದವನು ಡೆನ್ಮಾರ್ಕಿನ ಸೊರೆನ್‌ಸೆನ್. ಅವನು ಕೆಲಸಕ್ಕಿದ್ದದ್ದು ಕೋಪನ್‌ಹೇಗನ್ನಿನ ಒಂದು ಬಿಯರ್ ಕಾರ್ಖಾನೆ ನಡೆಸುತ್ತಿದ್ದ ಪ್ರಯೋಗಶಾಲೆಯಲ್ಲಿ. ಹಿಟ್ಟು ಹುದುಗುವುದನ್ನು ನಾವು ಮೂಗಿನಿಂದ ಅಳೆಯುತ್ತೇವೆ, ಅವನು ಅಂಕಿಯಿಂದ ಅಳೆದ. ಈ ಅಳತೆ ಸಾಮಾನ್ಯವಾಗಿ 0ಯಿಂದ 14. ನಡುವಿನ 7 ಶುದ್ಧ ನೀರು. 7ಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ನಿಂಬೆರಸ ಸುಮಾರು 2, ಟೊಮೇಟೊ 4ರ ಮೇಲೆ, ಹಾಲು 6.6ರಿಂದ 6.8, ಅಡುಗೆ ಸೋಡದ ನೀರು 8ರ ಆಚೆ, ಸೋಪಿನ ನೀರು 9-10, ಸುಣ್ಣದ ತಿಳಿ 12ರ ಮೇಲೆ. ಒಂದು ವಿಷಯ ಗಮನದಲ್ಲಿಡಿ, ಇಲ್ಲಿ ಒಂದು ಮೆಟ್ಟಿಲೆಂದರೆ ಹತ್ತು ಪಟ್ಟು. ಅಡುಗೆ ಸೋಡಕ್ಕೂ ಸುಣ್ಣಕ್ಕೂ ನಾಲ್ಕೇ ಮೆಟ್ಟಿಲೆಂದು ಹಗುರವಾಗಿ ಕಾಣಬೇಡಿ. ನಾಲ್ಕು ಮೆಟ್ಟಿಲೆಂದರೆ ಹತ್ತು ಸಾವಿರ ಪಟ್ಟು ಖಾರ!

ಬೇಳೆ, ಸೊಪ್ಪು, ಹಿಟ್ಟು

ಬೇಳೆ ಬೇಯುವ ಮೊದಲು ಹುಣಸೆ ಕಿವುಚಿ ಹಾಕಬಾರದೆಂದು ಅತ್ತೆಯಂದಿರು ಹೇಳುವುದು ಸುಮ್ಮನೆ ಅಲ್ಲ. ಕಾಳು, ತರಕಾರಿಗಳ ಕಣಗಳನ್ನು ಅಂಟಿನಂತೆ ಹಿಡಿದಿಟ್ಟಿರುವ ಪೆಕ್ಟಿನ್ ಎಂಬ ವಸ್ತು ಹುಳಿಯಲ್ಲಿ ಗಟ್ಟಿಯಾಗಿಯೇ ಉಳಿಯುತ್ತದೆ, ಕ್ಷಾರದಲ್ಲಿ ಬೇಗ ಕರಗುತ್ತದೆ. ಆದುದರಿಂದ ಬೇಳೆ ಪೂರ್ತಿ ಬೆಂದ ಮೇಲೇ ಹುಳಿ. ಹಾಗಾದರೆ ಚಿಟಿಕೆ ಸೋಡ ಹಾಕಿ ಬೇಗ ಬೇಯಿಸಿಬಿಡೋಣವೇ? ಬೇಯುತ್ತದೆ ನಿಜ, ಆದರೆ ಬೇಳೆಯಲ್ಲಿರುವ ಬಿ1 ಜೀವಸತ್ವ ಸೋಡದ ನೀರಿನಲ್ಲಿ ನಾಶವಾಗುತ್ತದೆ. ರಾತ್ರಿಯೇ ನೆನೆಹಾಕುವುದು ಮೇಲು.

ಸೊಪ್ಪಿಗೂ ಇದೇ ಮಾತು. ಸೊಪ್ಪಿನ ಹಸಿರು ಬಣ್ಣದ ನಡುವೆ ಮೆಗ್ನೀಸಿಯಂ ಇದೆ. ಹುಳಿ ಅದನ್ನು ಕಿತ್ತುಹಾಕುತ್ತದೆ, ಹಸಿರು ಮಂಕಾಗಿ ಕಂದಾಗುತ್ತದೆ. ಬೇಯುವಾಗ ಸೊಪ್ಪಿನಿಂದಲೇ ಸ್ವಲ್ಪ ಹುಳಿ ಆವಿಯಾಗಿ ಹೊರಡುತ್ತದೆ. ಮೊದಲ ಕೆಲವು ನಿಮಿಷ ಮುಚ್ಚಳ ತೆರೆದಿಟ್ಟರೆ ಆ ಹುಳಿ ಹೊರಹೋಗಿ ಬಣ್ಣ ಉಳಿಯುತ್ತದೆ. ಮಸ್ಸೊಪ್ಪಿಗೆ ಹುಳಿಯನ್ನು ಕೊನೆಯಲ್ಲಿ ಸೇರಿಸಿ.

ಇನ್ನು ದೋಸೆ. ಮುಳಬಾಗಿಲು ದೋಸೆಯ ಹೆಸರು ಕೇಳದವರು ಯಾರಿದ್ದಾರೆ! ರುಬ್ಬಿದ ಹಿಟ್ಟನ್ನು ರಾತ್ರಿ ಇಟ್ಟಾಗ ಸೂಕ್ಷ್ಮ ಜೀವಿಗಳು ಅದರ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುತ್ತವೆ. ಅನಿಲದಿಂದ ಹಿಟ್ಟು ಉಬ್ಬುತ್ತದೆ, ಆಮ್ಲದಿಂದ ರುಚಿ ಬರುತ್ತದೆ. ಹಿಟ್ಟು ಹೆಚ್ಚು ಹುಳಿಯಾದ ದಿನ ಚಿಟಿಕೆ ಸೋಡ ಹಾಕಿದರೆ ಹುಳಿ ತಗ್ಗಿ, ಬುರುಬುರು ನೊರೆ ಬಂದು ದೋಸೆ ಹಗುರಾಗುತ್ತದೆ. ಕೈ ತಪ್ಪಿ ಹೆಚ್ಚಾಯಿತೋ, ಹುಳಿಯೆಲ್ಲ ಮುಗಿದು ಸೋಡ ಉಳಿದುಬಿಡುತ್ತದೆ. ದೋಸೆಗೆ ಹಳದಿ ಬಣ್ಣ, ಸೋಪಿನ ವಾಸನೆ!

ಹಾಲು ಒಡೆಯುವುದೂ ಇದೇ ಲೆಕ್ಕ. ಹುಳಿ ಏರುತ್ತಾ ಪಿಎಚ್ 4.6ರ ಹತ್ತಿರ ಬಂದಾಗ ಹಾಲಿನ ಕೇಸಿನ್ ಎಂಬ ಪ್ರೋಟೀನು ಗಟ್ಟಿಯಾಗುತ್ತದೆ, ಅದೇ ಮೊಸರು. ಬಿಸಿ ಮಾಡಿದರೆ ಅಷ್ಟು ಹುಳಿ ಏರುವ ಮುಂಚೆಯೇ ಒಡೆಯುತ್ತದೆ. ಆದುದರಿಂದಲೇ ಬೆಳಗಿನ ಹಾಲು ತಣ್ಣಗಿದ್ದಾಗ ಚೆನ್ನಾಗಿ ಕಂಡರೂ ಒಲೆಯ ಮೇಲೆ ಕೈಕೊಡುವುದು. ಹಾಲು ಕರೆದು ಡೇರಿಗೆ ಹಾಕುವವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು. ಹುಳಿ ಹಾಲು ವಾಪಸ್ಸು ಬರುತ್ತದೆಂದು ಅದಕ್ಕೆ ಸೋಡ ಬೆರೆಸುವ ದುರ್ಬುದ್ಧಿ ಯಾರಿಗೂ ಬೇಡ. ರೋಸಾಲಿಕ್ ಆಮ್ಲ ಎಂಬ ಸೂಚಕದ ಹನಿ ಬಿಟ್ಟರೆ ಸೋಡ ಬೆರೆತ ಹಾಲು ಗುಲಾಬಿಯಾಗಿ ಕಳ್ಳತನ ಹೇಳಿಬಿಡುತ್ತದೆ. ಪಾತ್ರೆ ಶುದ್ಧವಾಗಿ ತೊಳೆದು, ಕರೆದ ಕೂಡಲೇ ತಣ್ಣಗಿಡುವುದೇ ಹಾಲಿಗೆ ಔಷಧಿ.

ಹಿತ್ತಾಳೆ ಹೊಳೆಯುತ್ತದೆ, ಆದರೆ...

ಹುಣಸೆಯಿಂದ ಉಜ್ಜಿದರೆ ತಾಮ್ರ, ಹಿತ್ತಾಳೆ ಹೊಸದರಂತೆ ಹೊಳೆಯುತ್ತವೆ. ಮೇಲೆ ಕಟ್ಟಿದ್ದ ಕಪ್ಪು, ಹಸಿರು ಪದರವನ್ನು ಆಮ್ಲ ಕರಗಿಸುತ್ತದೆ. ಆದರೆ ಸ್ವಲ್ಪ ಯೋಚಿಸಿ. ಹೊರಗೆ ಉಜ್ಜಿದಾಗ ತಾಮ್ರ ಕರಗುವುದಾದರೆ, ಒಳಗೆ ಸಾರು ಕುದಿಸಿದಾಗ ಕರಗದೇ ಇರುತ್ತದೆಯೇ? ಕಲಾಯಿ ಇಲ್ಲದ ಪಾತ್ರೆಯಲ್ಲಿ ಹುಳಿ, ಮಜ್ಜಿಗೆ, ಚಿತ್ರಾನ್ನದ ಗೊಜ್ಜು ಇಟ್ಟರೆ ತಾಮ್ರದ ಅಂಶ ಊಟಕ್ಕೆ ಇಳಿದು ವಾಂತಿ, ಹೊಟ್ಟೆನೋವು ಬರುತ್ತದೆ. ಹಿಂದಿನವರು ಕಲಾಯಿಯವನಿಗಾಗಿ ಕಾಯುತ್ತಿದ್ದುದು ಇದಕ್ಕೇ. ತವರದ ತೆಳು ಪದರ ಹುಳಿಗೂ ತಾಮ್ರಕ್ಕೂ ನಡುವೆ ಗೋಡೆಯಂತೆ ನಿಲ್ಲುತ್ತದೆ. ಉಪ್ಪಿನಕಾಯಿಗೆ ಭರಣಿಯೇ ಬೇಕೆನ್ನುವುದೂ ಅದಕ್ಕೇ.

ಅಲ್ಯುಮಿನಿಯಂ ಪಾತ್ರೆಯದು ಇನ್ನೂ ವಿಚಿತ್ರ, ಅದಕ್ಕೆ ಹುಳಿಯೂ ಆಗದು, ಕ್ಷಾರವೂ ಆಗದು. ಬಟ್ಟೆ ಸೋಡ ಹಾಕಿ ಉಜ್ಜಬೇಡಿ, ಹುಣಸೆ ಗೊಜ್ಜನ್ನು ರಾತ್ರಿಯಿಡೀ ಇಡಬೇಡಿ.

ಊರಿನ ಹೆಸರಿನಲ್ಲಿ ಸಮುದ್ರ, ಕೊಡದಲ್ಲಿ ಗಡಸು ನೀರು

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದ ಹೆಸರಿನಲ್ಲೇ ಸಮುದ್ರವಿದೆ. ಹಿಂದಿನವರು ದೊಡ್ಡ ಕೆರೆಗೆ ಸಮುದ್ರ ಎಂದು ಹೆಸರಿಡುತ್ತಿದ್ದರು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಗೆ ಕೆರೆಯೇ ಸಮುದ್ರ. ಮಳೆ ನೀರು ನಿಂತು, ಮೇಲುಮೇಲಿನ ಬಾವಿಗಳಿಗೆ ಇಳಿಯುತ್ತಿತ್ತು. ಈಗ ನಾವು ನಂಬಿರುವುದು ಕೊಳವೆಬಾವಿ. ಕೋಲಾರದ ಕಡೆ ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಅಪರೂಪವಲ್ಲ.

ಮಳೆ ನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕೊಂಚ ಹುಳಿಯಾಗಿಯೇ ಬೀಳುತ್ತದೆ, ಪಿಎಚ್ ಸುಮಾರು 5.6. ಅದು ನೆಲಕ್ಕಿಳಿದು, ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು, ಕಲ್ಲನ್ನು ಸ್ವಲ್ಪಸ್ವಲ್ಪವೇ ಕರಗಿಸುತ್ತದೆ. ಹಾಗೆ ಮಾಡುತ್ತಾ ತನ್ನ ಹುಳಿ ಕಳೆದುಕೊಂಡು ಕ್ಷಾರದ ಕಡೆ ವಾಲುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹೊತ್ತು ತಂದರೆ ಅದೇ ಗಡಸು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆಯಾಗುವುದಿಲ್ಲ, ತಲೆಕೂದಲು ಜಡ್ಡುಗಟ್ಟುತ್ತದೆ. ಇಂಥ ನೀರಿಗೆ ಸೀಗೇಕಾಯಿ ವಾಸಿ. ಸೋಪಿನಂತೆ ಅದು ಬಿಳಿ ಗಷ್ಟು ಬಿಡುವುದಿಲ್ಲ.

ಈ ನೀರನ್ನು ಕಾಯಿಸಿದಾಗ ಅನಿಲ ಹೊರಟುಹೋಗಿ ಸುಣ್ಣದ ಕಲ್ಲು ಪಾತ್ರೆಗೆ ಮೆತ್ತಿಕೊಳ್ಳುತ್ತದೆ. ಹಂಡೆಯ ತಳದಲ್ಲಿ, ಗೀಸರಿನ ಸುರುಳಿಯಲ್ಲಿ ಕಟ್ಟುವ ಬಿಳಿ ಪದರ ಇದೇ. ಅದನ್ನು ಚಾಕುವಿನಿಂದ ಕೆರೆಯಬೇಡಿ. ನಿಂಬೆರಸ ಅಥವಾ ವಿನಿಗರ್ ಬೆರೆಸಿದ ನೀರು ತುಂಬಿ ಕೆಲವು ಗಂಟೆ ಬಿಡಿ. ಬುಸುಬುಸು ಗುಳ್ಳೆ ಎದ್ದು ತಾನೇ ಬಿಡುತ್ತದೆ. ಕುಕ್ಕರಿನ ತಳದ ನೀರಿಗೆ ಒಂದು ತುಣುಕು ಹುಣಸೆ ಅಥವಾ ಹಿಂಡಿದ ನಿಂಬೆ ಸಿಪ್ಪೆ ಹಾಕುವ ಪದ್ಧತಿಗೂ ಅರ್ಥ ಇದೇ. ಕ್ಷಾರದ ನೀರು ಅಲ್ಯುಮಿನಿಯಂ ಕುಕ್ಕರನ್ನು ಕಪ್ಪಾಗಿಸುತ್ತದೆ, ಆ ಚೂರು ಹುಳಿ ಅದನ್ನು ತಡೆಯುತ್ತದೆ.

ಬಿಳಿ ಪದರ ಕಣ್ಣಿಗೆ ಕಾಣುತ್ತದೆ. ಕಾಣದೇ ಇರುವುದು ಫ್ಲೋರೈಡ್. ಗ್ರಾನೈಟ್ ಜಾತಿಯ ಬಂಡೆಗಳ ಕೆಲವು ಖನಿಜಗಳಲ್ಲಿ ಅದು ಇರುತ್ತದೆ, ನೀರಿಗೆ ಇಳಿಯುತ್ತದೆ. ಕೋಲಾರ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಇದರ ತೊಂದರೆ ಇದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂ ಕಡೆಯ ಮಿತಿ. ಅದಕ್ಕೆ ಮೀರಿದ ನೀರನ್ನು ಕುಡಿದು ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟಿ ಬೀಳುತ್ತದೆ. ಇನ್ನೂ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ಕೀಲು, ಬೆನ್ನು ಬಿಗಿಯುತ್ತವೆ.

ಇಲ್ಲಿ ಒಂದು ಮೋಸವಿದೆ, ಗಮನಿಸಿ. ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತದೆ. ಕ್ಷಾರ ಹೆಚ್ಚಾದ ಹಳೆಯ ನೀರಿನಲ್ಲಿ ಕ್ಯಾಲ್ಸಿಯಂ ಮೊದಲೇ ಸುಣ್ಣದ ಕಲ್ಲಾಗಿ ಕೂತುಬಿಟ್ಟಿರುತ್ತದೆ. ಆಗ ಫ್ಲೋರೈಡಿಗೆ ಹಿಡಿಯುವವರೇ ಇಲ್ಲ. ಹೀಗಾಗಿ ಸೋಪು ಚೆನ್ನಾಗಿ ನೊರೆಯಾಗುವ, ಕುಡಿಯಲು ಸಿಹಿ ಎನಿಸುವ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರಬಹುದು! "ಬೇಳೆ ಬೇಯುತ್ತದೆ, ನೀರು ಒಳ್ಳೆಯದು" ಎಂದು ತೀರ್ಮಾನಿಸಬೇಡಿ. ಕಾಯಿಸಿದರೂ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದು ದಟ್ಟವಾಗುತ್ತದೆ. ನಿಮ್ಮ ಅರಿಶಿನ ಕಾಗದಕ್ಕೂ ಅದು ಸಿಕ್ಕುವುದಿಲ್ಲ.

ಮತ್ತೇನು ಮಾಡುವುದು? ಪರೀಕ್ಷೆ ಮಾಡಿಸಿ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಯೋಜನೆಯಲ್ಲಿ ಪ್ರತಿ ಹಳ್ಳಿಯ 5 ಮಂದಿ ಹೆಂಗಸರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ಕಲಿಸಬೇಕೆಂದಿದೆ. ಪಂಚಾಯ್ತಿಯಲ್ಲಿ ಕಿಟ್ ಎಲ್ಲಿದೆ, ಕಲಿತವರು ಯಾರು ಎಂದು ವಿಚಾರಿಸಿ. ಇಲ್ಲವಾದರೆ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಕೇಳಿ. ಫ್ಲೋರೈಡ್ ತೆಗೆಯಲು ಸ್ಫಟಿಕ ಮತ್ತು ಸುಣ್ಣ ಬಳಸುವ ವಿಧಾನವೊಂದನ್ನು ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲಿ ರೂಪಿಸಿತು. ಅದಕ್ಕೆ ನಲಗೊಂಡ ವಿಧಾನ ಎಂದು ಹೆಸರು. ಆದರೆ ಅಳತೆ ತಪ್ಪಿದರೆ ಸ್ಫಟಿಕದ ಅಂಶ ನೀರಿನಲ್ಲಿ ಉಳಿಯುತ್ತದೆ, ಮನೆಯಲ್ಲಿ ಕಣ್ಣಂದಾಜಿನಲ್ಲಿ ಮಾಡುವಂಥದ್ದಲ್ಲ. ಕುಡಿಯಲು, ಅಡುಗೆಗೆ ಊರಿನ ಶುದ್ಧ ನೀರಿನ ಘಟಕದ ನೀರು, ಅಥವಾ ಶುದ್ಧವಾಗಿ ಹಿಡಿದಿಟ್ಟ ಮಳೆ ನೀರು ಬಳಸಿ. ಕೊಳವೆಬಾವಿಯದನ್ನು ಸ್ನಾನಕ್ಕೆ, ಪಾತ್ರೆಗೆ ಇಟ್ಟುಕೊಳ್ಳಿ. ಚರ್ಮದಿಂದ ಫ್ಲೋರೈಡ್ ಒಳಗೆ ಹೋಗುವ ಭಯವಿಲ್ಲ.

ಕ್ಷಾರ ಹಿಡಿದಿಟ್ಟದ್ದನ್ನು ಹುಳಿ ಬಿಡಿಸುತ್ತದೆ

ಸೋಡಕ್ಕೆ ನಿಂಬೆ ಹಿಂಡಿದರೆ ಗುಳ್ಳೆ ಏಳುತ್ತದಲ್ಲ, ಅದೇಕೆ ಎಂದು ಈಗ ಹೇಳುತ್ತೇನೆ. ಸೋಡದೊಳಗೆ ಇಂಗಾಲದ ಡೈಆಕ್ಸೈಡ್ ಬಂಧಿಯಾಗಿ ಕೂತಿರುತ್ತದೆ. ಹುಳಿ ತಾಗಿದೊಡನೆ ಬಿಡುಗಡೆ. ಆ ಅನಿಲದಿಂದ ಅಪಾಯವಿಲ್ಲ. ಆದರೆ ಎಲ್ಲ ಅನಿಲವೂ ಅಷ್ಟು ಸಾಧುವಲ್ಲ.

ನಮ್ಮ ಕೋಲಾರ ಚಿನ್ನದ ಗಣಿಯನ್ನೇ ನೋಡಿ. ಅರೆದ ಕಲ್ಲಿನಿಂದ ಚಿನ್ನ ಕರಗಿಸಲು ಸಯನೈಡ್ ಬಳಸುತ್ತಿದ್ದರು. ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿದರೂ ಕೆಜಿಎಫ್‌ನಲ್ಲಿ ಸಯನೈಡ್ ದಿಬ್ಬಗಳು ಇಂದಿಗೂ ನಿಂತಿವೆ. ಈ ವಿಧಾನದಲ್ಲಿ ದ್ರಾವಣಕ್ಕೆ ಸುಣ್ಣ ಬೆರೆಸಿ, ಸದಾ ಕ್ಷಾರವಾಗಿಯೇ ಇಡಬೇಕು. ಸುಣ್ಣ ತಪ್ಪಿ ಹುಳಿಯಾಯಿತೋ, ಕೊಲ್ಲುವ ವಿಷಾನಿಲ ಹೊರಡುತ್ತದೆ.

ಗಣಿಯ ಮಾತು ನಮಗೇಕೆ ಎನ್ನುತ್ತೀರಾ? ಅದೇ ನಿಯಮ ನಿಮ್ಮ ಬಚ್ಚಲಲ್ಲೂ ಇದೆ. ಬ್ಲೀಚಿಂಗ್ ಪೌಡರು ಕ್ಷಾರ ಪದಾರ್ಥ, ಅದರೊಳಗೆ ಕ್ಲೋರಿನ್ ಕೂತಿದೆ. ಅದರ ಮೇಲೆ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಒಮ್ಮೆಲೇ ಹೊರಬರುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಸೈನಿಕರ ಮೇಲೆ ಬಿಟ್ಟ ವಿಷಾನಿಲ ಇದೇ. ಕಣ್ಣು ಉರಿದು, ಕೆಮ್ಮು ಕಟ್ಟಿ, ಪುಪ್ಪುಸ ಊದುತ್ತದೆ. ಕಿಟಕಿಯಿಲ್ಲದ ಸಣ್ಣ ಕಕ್ಕಸಿನಲ್ಲಿ ಪ್ರಾಣಕ್ಕೇ ಅಪಾಯ. ನಮ್ಮ ಕಡೆ ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಸಾಕಣೆಮನೆ ತೊಳೆಯಲು ಬ್ಲೀಚಿಂಗ್ ಪೌಡರು, ಹಾಸಿಗೆಗೆ ಉದುರಿಸಲು ಸುಣ್ಣ ಎರಡೂ ಇರುತ್ತವೆ. ಇವೆರಡೂ ಒಂದೇ ಮನೆತನ, ಜಗಳವಿಲ್ಲ. ಆದರೆ ಅದೇ ಗೂಡಿನಲ್ಲಿ ಆಸಿಡ್ ಬಾಟಲು ಇಡಲೇಬೇಡಿ. "ಎರಡೂ ಹಾಕಿದರೆ ಇನ್ನೂ ಬೆಳ್ಳಗಾಗುತ್ತದೆ" ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಕಣ್ಣಿಗೆ ಸುಣ್ಣ

"ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ" ಎಂದು ಎಷ್ಟು ಸಲ ಹೇಳುತ್ತೇವೆ! ಸುಣ್ಣ ಕಣ್ಣನ್ನು ಏನು ಮಾಡುತ್ತದೆಂದು ಹಿಂದಿನವರಿಗೆ ಗೊತ್ತಿತ್ತು. ಪ್ಲಾಸ್ಟಿಕ್ ಪೊಟ್ಟಣದ ಸುಣ್ಣವನ್ನು ಮಕ್ಕಳು ಹಿಸುಕಿದಾಗ ಪಟ್ಟೆಂದು ಒಡೆದು ಕಣ್ಣಿಗೆ ಸಿಡಿಯುವುದು ನಮ್ಮ ದೇಶದಲ್ಲಿ ಕಣ್ಣಿನ ಡಾಕ್ಟರುಗಳು ಮತ್ತೆ ಮತ್ತೆ ನೋಡುವ ಅಪಘಾತ.

ಆಸಿಡ್ಡೇ ಹೆಚ್ಚು ಅಪಾಯ, ಸುಣ್ಣ ತಿನ್ನುವ ವಸ್ತುವಲ್ಲವೇ ಎಂದು ನಾವು ತಿಳಿಯುತ್ತೇವೆ. ಕಣ್ಣಿನ ಮಟ್ಟಿಗೆ ಇದು ತಿರುಗುಮುರುಗು. ಆಮ್ಲ ಬಿದ್ದಾಗ ಕಣ್ಣಿನ ಮೇಲ್ಪದರದ ಪ್ರೋಟೀನು ಒಡೆದ ಹಾಲಿನಂತೆ ಗಟ್ಟಿಯಾಗಿ, ಅದೇ ಆಮ್ಲವನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಕ್ಷಾರ ಹಾಗಲ್ಲ. ಜಿಡ್ಡನ್ನು ಸೋಪು ಮಾಡಿ ಕರಗಿಸುತ್ತಾ ಒಳಒಳಗೆ ಇಳಿಯುತ್ತಲೇ ಹೋಗುತ್ತದೆ. ಪಾತ್ರೆಯ ಜಿಡ್ಡಿನ ಮೇಲೆ ಬೂದಿ ಮಾಡಿದ ಕೆಲಸವನ್ನೇ ಸುಣ್ಣ ಕಣ್ಣಿನ ಮೇಲೆ ಮಾಡುತ್ತದೆ.

ಹಾಗೇನಾದರೂ ಆದರೆ ಒಂದು ಕ್ಷಣವನ್ನೂ ಕಳೆಯಬೇಡಿ. ಹತ್ತಿರ ಸಿಕ್ಕ ಶುದ್ಧ ನೀರನ್ನು ಕಣ್ಣಿಗೆ ಧಾರೆಯಾಗಿ ಬಿಡಿ. ರೆಪ್ಪೆ ಬಿಡಿಸಿ ಹಿಡಿದು, ಮಗು ಅತ್ತರೂ ಬಿಡದೆ, ಕಡಿಮೆಯೆಂದರೆ 20ರಿಂದ 30 ನಿಮಿಷ ತೊಳೆಯಿರಿ. ರೆಪ್ಪೆಯಡಿ ಸುಣ್ಣದ ಹರಳು ಕಂಡರೆ ಒದ್ದೆ ಮಾಡಿದ ಶುದ್ಧ ಬಟ್ಟೆಯ ತುದಿಯಿಂದ ಮೆಲ್ಲಗೆ ತೆಗೆಯಿರಿ. ಸುಣ್ಣಕ್ಕೆ ಹುಳಿ ಮದ್ದು ಎಂದು ನಿಂಬೆರಸ ಹಾಕಬೇಡಿ. ತಟಸ್ಥೀಕರಣದಲ್ಲಿ ಬಿಸಿ ಹುಟ್ಟುತ್ತದೆ, ಗಾಯದ ಮೇಲೆ ಗಾಯವಾಗುತ್ತದೆ. ತುಪ್ಪ, ಎದೆಹಾಲು, ಹರಳೆಣ್ಣೆ ಯಾವುದೂ ಬೇಡ. ತೊಳೆದ ಮೇಲೆ 108ಕ್ಕೆ ಫೋನು ಮಾಡಿ, ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯಿರಿ. ಮೊದಲು ಆಸ್ಪತ್ರೆ, ಆಮೇಲೆ ನೀರು ಎಂದರೆ ಕಣ್ಣು ಉಳಿಯುವುದು ಕಷ್ಟ.

ಇಷ್ಟನ್ನು ನೆನಪಿಡಿ

* ಆಸಿಡನ್ನು ನೀರಿಗೆ ಹಾಕಬೇಕೇ ವಿನಾ ನೀರನ್ನು ಆಸಿಡಿಗೆ ಸುರಿಯಬಾರದು. ಬಿಸಿಯೆದ್ದು ಮುಖಕ್ಕೆ ಸಿಡಿಯುತ್ತದೆ.

* ಸುಟ್ಟ ಸುಣ್ಣಕ್ಕೆ ನೀರು ಹಾಕುವಾಗ ಕೊತಕೊತ ಕುದಿಯುತ್ತದೆ. ಮಕ್ಕಳನ್ನು ದೂರವಿಡಿ.

* ಆಸಿಡನ್ನು ಪಾನೀಯದ ಹಳೆಯ ಬಾಟಲಿಗೆ ತುಂಬಿಡಬೇಡಿ. ಯಾರಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ, ಸೋಡ ಕುಡಿಸಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ವಾಂತಿಯಾದರೆ ಗಂಟಲು ಎರಡನೇ ಸಲ ಸುಡುತ್ತದೆ.

* 2013ರ ಜುಲೈನಲ್ಲಿ ಸುಪ್ರೀಂ ಕೋರ್ಟು ಆಸಿಡ್ ಮಾರಾಟಕ್ಕೆ ಕಟ್ಟುಪಾಡು ವಿಧಿಸಿದೆ. ಕೊಳ್ಳುವವರ ಗುರುತು ಬರೆದುಕೊಳ್ಳದೆ, 18 ವರ್ಷ ತುಂಬದವರಿಗೆ ಮಾರುವಂತಿಲ್ಲ. ಅಂಗಡಿಗೆ ಮಕ್ಕಳನ್ನು ಕಳಿಸಬೇಡಿ.

* ಎದೆಯುರಿಗೆ ದಿನವೂ ಅಡುಗೆ ಸೋಡ ನುಂಗುವ ಅಭ್ಯಾಸ ಬೇಡ. ಅದರಲ್ಲಿ ಸೋಡಿಯಂ ಇದೆ, ರಕ್ತದೊತ್ತಡ ಇರುವವರಿಗೆ ಕೆಡುಕು. ಉರಿ ಪದೇ ಪದೇ ಬಂದರೆ ಡಾಕ್ಟರಿಗೆ ತೋರಿಸಿ.

* ಎಲೆಅಡಿಕೆ ಹಾಕುವ ಹಿರಿಯರಿದ್ದರೆ ಪೊಟ್ಟಣದ ಸುಣ್ಣವನ್ನು ತಂದ ದಿನವೇ ಮುಚ್ಚಳದ ಡಬ್ಬಿಗೆ ತೆಗೆದು ಮೇಲಿನ ಗೂಡಿನಲ್ಲಿಡಿ.

ಹುಳಿಯನ್ನೂ ಸುಣ್ಣವನ್ನೂ ಬಿಟ್ಟು ಸಂಸಾರ ನಡೆಯುವುದಿಲ್ಲ ಸೋದರಿಯರೇ. ಯಾವುದನ್ನು ಯಾವುದರ ಜೊತೆ ಸೇರಿಸಬೇಕು, ಯಾವುದನ್ನು ಯಾವುದರಿಂದ ದೂರ ಇಡಬೇಕು ಎಂಬ ಲೆಕ್ಕ ನಮಗೆ ಹೊಸದೇನಲ್ಲ, ಮನೆ ನಡೆಸುವವರೆಲ್ಲ ದಿನವೂ ಮಾಡುವುದು ಅದನ್ನೇ. ಈ ವಾರ ಎರಡು ಕೆಲಸ ಮಾಡಿ: ಬಚ್ಚಲ ಗೂಡಿನಿಂದ ಆಸಿಡನ್ನೂ ಬ್ಲೀಚಿಂಗ್ ಪೌಡರನ್ನೂ ಬೇರೆಬೇರೆ ಮಾಡಿ, ಕುಡಿಯುವ ನೀರಿನ ಫ್ಲೋರೈಡ್ ಎಷ್ಟೆಂದು ಪಂಚಾಯ್ತಿಯಲ್ಲಿ ಕೇಳಿ.